ಅಟ್ಟ ತುಂಬಿದ ಸಾಮಾನಿಗೆ ದಾರಿ ಯಾವುದು?

ನವರಾತ್ರಿ ಹತ್ತಿರ ಬಂತೆಂದರೆ ಕರ್ನಾಟಕದ ಮನೆಗಳಲ್ಲಿ ಅಟ್ಟಕ್ಕೆ ಏಣಿ ಬೀಳುತ್ತದೆ. ಆಯುಧಪೂಜೆಯೊಳಗೆ ಮನೆ ಚೊಕ್ಕಟವಾಗಬೇಕು. ಮೊದಲು ಇಳಿಯುವುದು ಮಿಕ್ಸಿಯ ಖಾಲಿ ಡಬ್ಬ. ಒಳಗೆ ಥರ್ಮಾಕೋಲಿನ ಅಚ್ಚು ಹಾಗೇ ಇರುತ್ತದೆ. ಅದರ ಹಿಂದೆ ಹಿಡಿ ಮುರಿದ ಸೂಟ್‌ಕೇಸು, ಮಕ್ಕಳು ಬೆಳೆದು ಬಿಟ್ಟ ಮೂರು ಗಾಲಿಯ ಸೈಕಲ್ಲು, ಮದುವೆ ಕಾಗದಗಳು ತುಂಬಿದ ಜವಳಿ ಅಂಗಡಿಯ ಚೀಲ, ಯಾವ ಫೋನಿನದೆಂದು ಯಾರಿಗೂ ನೆನಪಿಲ್ಲದ ಚಾರ್ಜರುಗಳ ಗಂಟು. ಕೊನೆಯಲ್ಲಿ ಸ್ಟೀಲ್ ಪಾತ್ರೆಗಳ ಗೋಣಿಚೀಲ. ಒಂದೊಂದು ಪಾತ್ರೆಯ ಕಂಠದಲ್ಲೂ ಕೊಟ್ಟವರ ಹೆಸರು, ಊರು, ಮದುವೆಯ ತಾರೀಖನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿರುತ್ತಾರೆ. ಎಲ್ಲದರ ಧೂಳು ಹೊಡೆದು, ಒರೆಸಿ, ಸಂಜೆ ಹೊತ್ತಿಗೆ ಅಷ್ಟನ್ನೂ ಮತ್ತೆ ಅಟ್ಟಕ್ಕೇ ಏರಿಸಲಾಗುತ್ತದೆ.

ಹೀಗೆ ವರ್ಷಕ್ಕೊಮ್ಮೆ ಇಳಿದು ಹತ್ತುವ ಸಾಮಾನು ಕರಗುವುದಿಲ್ಲ, ಬೆಳೆಯುತ್ತದೆ. ಅದಕ್ಕೆ ಮನೆಯವರ ಆಸೆಯನ್ನು ದೂರುವುದು ಸುಲಭ. ಆದರೆ ಹಿಂದಿನ ಮನೆಗಳನ್ನು ನೆನೆದರೆ ಬೇರೆಯದೇ ಕಾರಣ ಕಾಣುತ್ತದೆ. ಆಗ ಒಂದು ವಸ್ತು ಒಳಗೆ ಬಂದರೆ, ಕೆಲಸ ಮುಗಿದ ಮೇಲೆ ಅದು ಯಾರ ಕೈಗೆ, ಯಾವ ಉಪಯೋಗಕ್ಕೆ ಹೋಗುತ್ತದೆ ಎನ್ನುವುದೂ ಗೊತ್ತಿರುತ್ತಿತ್ತು. ಈಗ ಸಾಮಾನು ಒಳಬರುವ ದಾರಿ ಹೆದ್ದಾರಿಯಾಗಿದೆ. ಹೊರಹೋಗುವ ದಾರಿಗಳು ಒಂದೊಂದಾಗಿ ಮುಚ್ಚಿಹೋಗಿವೆ. ಮನೆ ಹಗುರಾಗಬೇಕಾದರೆ ಆ ದಾರಿಗಳನ್ನು ಮತ್ತೆ ತೆರೆಯಬೇಕು.

ಎಣಿಸಿ ನೋಡಿದವರು

ಮನೆಯೊಳಗಿನ ವಸ್ತುಗಳನ್ನು ಒಂದೊಂದಾಗಿ ಎಣಿಸಿದ ಸಂಶೋಧಕರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮಾನವಶಾಸ್ತ್ರಜ್ಞರು 2001ರಿಂದ 2005ರವರೆಗೆ 32 ಮಧ್ಯಮ ವರ್ಗದ ಕುಟುಂಬಗಳ ಮನೆಗಳಿಗೆ ಹೋಗಿ ಅವರ ದಿನಚರಿಯನ್ನೂ ಸಾಮಾನನ್ನೂ ದಾಖಲಿಸಿದರು. ಎಲ್ಲವೂ ದಂಪತಿಗಳಿಬ್ಬರೂ ದುಡಿಯುವ, ಮಕ್ಕಳಿರುವ ಮನೆಗಳು. ಮೊದಲು ಎಣಿಕೆಗೆ ಸಿಕ್ಕ ಮನೆಯಲ್ಲಿ ಎರಡು ಮಲಗುವ ಕೋಣೆ ಮತ್ತು ಒಂದು ಹಾಲ್‌ನಲ್ಲಿ ಕಣ್ಣಿಗೆ ಕಾಣುವಂತಿದ್ದ ವಸ್ತುಗಳೇ 2,260. ಬೀರುವಿನೊಳಗೆ, ಡ್ರಾಯರಿನೊಳಗೆ ಇದ್ದವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾಲ್ಕು ಗ್ಯಾರೇಜುಗಳಲ್ಲಿ ಮೂರರಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ, ಅಷ್ಟು ಸಾಮಾನು ತುಂಬಿತ್ತು. ಈ ಅಧ್ಯಯನ 2012ರಲ್ಲಿ ಫೋಟೋಗಳ ಸಮೇತ ಪುಸ್ತಕವಾಗಿ ಬಂತು.

ಇದೇ ಯೋಜನೆಯಲ್ಲಿ ದಂಪತಿಗಳ ಜೊಲ್ಲಿನ ಮಾದರಿ ತೆಗೆದು, ಒತ್ತಡದ ಸಮಯದಲ್ಲಿ ದೇಹದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನನ್ನೂ ಅಳೆದರು. ಆರೋಗ್ಯವಂತರಲ್ಲಿ ಅದು ಬೆಳಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯಬೇಕು. ಮನೆಯ ಬಗ್ಗೆ ಹೇಳುವಾಗ ‘ಎಲ್ಲ ಹರಡಿಕೊಂಡಿದೆ’, ‘ಕೆಲಸ ಮುಗಿಯುವುದೇ ಇಲ್ಲ’ ಎಂಬ ಅರ್ಥದ ಮಾತುಗಳನ್ನು ಮತ್ತೆ ಮತ್ತೆ ಆಡಿದ ಹೆಂಗಸರಲ್ಲಿ ಆ ಇಳಿತ ಸರಿಯಾಗಿ ಆಗುತ್ತಿರಲಿಲ್ಲ. ಗಂಡಂದಿರಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಒಂದೇ ಸೂರಿನಡಿ, ಅದೇ ರಾಶಿಯ ನಡುವೆ ಇದ್ದರೂ ಭಾರ ಬಿದ್ದದ್ದು ಹೆಂಗಸರ ಮೇಲೆ. ಒರೆಸುವುದು, ಜೋಡಿಸುವುದು, ಹುಡುಕಿಕೊಡುವುದು ಯಾರ ಪಾಲಿನ ಕೆಲಸವೆಂದು ಬಲ್ಲವರಿಗೆ ಇದು ಆಶ್ಚರ್ಯ ತರುವುದಿಲ್ಲ.

ಗೂಟ, ಗೂಡು, ಟ್ರಂಕು

ಐವತ್ತು ವರ್ಷದ ಹಿಂದಿನ ಸಾಧಾರಣ ಮನೆಯಲ್ಲಿ ಬಟ್ಟೆಗೆ ಗೋಡೆಯ ಗೂಟ ಅಥವಾ ಬಿದಿರಿನ ಗಳ, ದೀಪಕ್ಕೂ ಪುಸ್ತಕಕ್ಕೂ ಗೋಡೆಯ ಗೂಡು, ರೇಷ್ಮೆ ಸೀರೆಗೂ ಕಾಗದಪತ್ರಕ್ಕೂ ಒಂದು ಕಬ್ಬಿಣದ ಟ್ರಂಕು ಸಾಕಾಗುತ್ತಿತ್ತು. ಅಟ್ಟದ ಮೇಲೆ ದವಸ, ಸೌದೆ, ತೆಂಗಿನಕಾಯಿ ಇರುತ್ತಿದ್ದವು. ಅವೆಲ್ಲ ತಿಂದು, ಉರಿಸಿ ಖರ್ಚಾಗುವ ವಸ್ತುಗಳು. ಇಂದು ಅದೇ ಜಾಗದಲ್ಲಿ ಖರ್ಚಾಗದ ವಸ್ತುಗಳಿವೆ.

ಈ ಬದಲಾವಣೆಯನ್ನು ಸರಕಾರಿ ಲೆಕ್ಕಗಳಲ್ಲೂ ಕಾಣಬಹುದು. ಭಾರತದ ಹಳ್ಳಿಯ ಕುಟುಂಬ 1999-2000ರಲ್ಲಿ ತನ್ನ ಖರ್ಚಿನ ಶೇ 59ರಷ್ಟನ್ನು ಆಹಾರಕ್ಕೆ ಹಾಕುತ್ತಿತ್ತು. 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಹೊತ್ತಿಗೆ ಅದು ಶೇ 46ಕ್ಕೆ ಇಳಿದಿದೆ. ಪಟ್ಟಣಗಳಲ್ಲಿ ಶೇ 48ರಿಂದ 39ಕ್ಕೆ ಬಂದಿದೆ. ಉಳಿದ ಹಣ ಶಾಲೆ, ಆಸ್ಪತ್ರೆ, ಓಡಾಟದ ಜೊತೆಗೆ ಬಟ್ಟೆ, ಚಪ್ಪಲಿ, ಫೋನು, ಫ್ರಿಜ್‌ಗಳಿಗೂ ಹೋಗುತ್ತಿದೆ. ಹೊಟ್ಟೆಗೆ ಸಾಲದ ಕಾಲ ಕಳೆದು ಕೈಯಲ್ಲಿ ನಾಲ್ಕು ಕಾಸು ಉಳಿದಿದೆ ಎನ್ನುವುದು ಒಳ್ಳೆಯ ಸುದ್ದಿಯೇ.

ಅದೇ ಹೊತ್ತಿಗೆ ಅಂಗಡಿ ಬಾಗಿಲಿಗೆ ಬಂತು. ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಎರಡೂ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದವು. 2014ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟಿನ ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಯಿತು; 2016ರಲ್ಲಿ ಯುಪಿಐ ಬಂದ ಮೇಲೆ ನೋಟು ಎಣಿಸುವ ಕೆಲಸವೂ ತಪ್ಪಿತು. ಮೊದಲು ಒಂದು ಕುಕ್ಕರ್ ಕೊಳ್ಳಬೇಕಾದರೆ ಮನೆಯಲ್ಲಿ ಮಾತುಕತೆಯಾಗಿ, ಪೇಟೆಗೆ ಹೋಗಿ, ಮೂರು ಅಂಗಡಿ ತಿರುಗಿ, ಚೌಕಾಸಿ ಮಾಡಿ ಹೊತ್ತು ತರಬೇಕಿತ್ತು. ಆ ಶ್ರಮವೇ ಅನೇಕ ಸಾಮಾನುಗಳನ್ನು ಹೊಸ್ತಿಲಾಚೆ ನಿಲ್ಲಿಸುತ್ತಿತ್ತು.

ಬಟ್ಟೆಯ ಲೆಕ್ಕವಂತೂ ಇಡೀ ಜಗತ್ತಿನದು. ಬ್ರಿಟನ್ನಿನ ಎಲೆನ್ ಮೆಕಾರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ, ಹದಿನೈದು ವರ್ಷಗಳಲ್ಲಿ ಪ್ರಪಂಚದ ಸಿದ್ಧ ಉಡುಪಿನ ಉತ್ಪಾದನೆ ಸುಮಾರು ಎರಡು ಪಟ್ಟಾಯಿತು. ಒಂದು ಬಟ್ಟೆಯನ್ನು ಬಿಸಾಡುವ ಮೊದಲು ಎಷ್ಟು ಸಲ ತೊಡುತ್ತಾರೆ ಎನ್ನುವುದು ಶೇ 36ರಷ್ಟು ಕಡಿಮೆಯಾಯಿತು.

ಸೀರೆಯ ಆಯುಷ್ಯ

ಹೊರಹೋಗುವ ದಾರಿ ಎಷ್ಟು ಚೆನ್ನಾಗಿತ್ತು ಎಂಬುದನ್ನು ತಿಳಿಯಲು ಒಂದು ಹತ್ತಿ ಸೀರೆಯ ಬಾಳನ್ನು ನೋಡಿದರೆ ಸಾಕು. ಹೊಸತಿದ್ದಾಗ ಹಬ್ಬ, ಮದುವೆ. ಬಣ್ಣ ಮಾಸಿದ ಮೇಲೆ ಮನೆಯಲ್ಲಿ ಉಡಲು. ಸವೆದು ಮೆತ್ತಗಾದಾಗ ಬಾಣಂತಿ ಕೋಣೆಗೆ, ಕೂಸನ್ನು ಸುತ್ತಲು, ಜೋಲಿ ಕಟ್ಟಲು. ಅಲ್ಲಿಂದ ಕೌದಿಗೆ. ಕೌದಿಯೂ ಹರಿದರೆ ಒರೆಸುವ ಅರಿವೆ, ಒಲೆಯ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ.

ಉತ್ತರ ಕರ್ನಾಟಕದ ಕೌದಿ ಇಂದಿಗೂ ಅನೇಕ ಮನೆಗಳಲ್ಲಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಬಿಸಿಲಿನ ದಿನ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಹಳೆಯ ಸೀರೆಯನ್ನು ಉದ್ದಕ್ಕೆ ಹಾಸುತ್ತಾರೆ. ಅದರ ಮೇಲೆ ಹರಿದ ಧೋತರ, ಅಂಗಿ, ಲಂಗದ ತುಂಡುಗಳು ಪದರ ಪದರವಾಗಿ ಬೀಳುತ್ತವೆ. ಮೇಲ್ಪದರಕ್ಕೆ ಇನ್ನೂ ಬಣ್ಣ ಉಳಿದ ತುಂಡುಗಳನ್ನು ಆರಿಸಿಡುತ್ತಾರೆ. ದಪ್ಪ ದಾರದಲ್ಲಿ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ಸಾಗುತ್ತದೆ. ಮುಗಿದ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೆರಗಿನ ಕೆಂಪು, ಮೊಮ್ಮಗನ ಶಾಲೆಯ ಅಂಗಿಯ ನೀಲಿ ಅಕ್ಕಪಕ್ಕ ಕೂತಿರುತ್ತವೆ. ಊರೂರಿಗೆ ಬಂದು ಕೂಲಿಗೆ ಕೌದಿ ಹೊಲಿದು ಕೊಡುತ್ತಿದ್ದ ಹೆಂಗಸರೂ ಇದ್ದರು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈಗ ದೇಶದಾಚೆಗೂ ಹೆಸರು ಮಾಡಿವೆ. ಆಫ್ರಿಕಾ ಮೂಲದ ಈ ಸಮುದಾಯದ ಹೊಲಿಗೆಯನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿ, ಹೊರದೇಶಗಳಲ್ಲಿ ಅದರ ಪ್ರದರ್ಶನಕ್ಕೂ ನೆರವಾದರು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫೂಲ’ ಕೂರಿಸದೆ ಅವರು ಹೊಲಿಗೆ ಮುಗಿಯಿತು ಎನ್ನುವುದಿಲ್ಲ. ಮೂಲ ಸಾಮಗ್ರಿ ಮಾತ್ರ ಎಲ್ಲರ ಮನೆಯಲ್ಲೂ ಇರುವಂಥದ್ದೇ, ಉಟ್ಟು ಬಿಟ್ಟ ಬಟ್ಟೆ.

ಬಟ್ಟೆಯಷ್ಟೇ ಅಲ್ಲ, ಉಳಿದವೂ ಹೀಗೆ ಓಡಾಡುತ್ತಿದ್ದವು. ತೊಟ್ಟಿಲು ಒಂದು ಮನೆಯದಾಗಿರಲಿಲ್ಲ. ಬಳಗದಲ್ಲಿ ಯಾರಿಗೆ ಹೆರಿಗೆಯಾಯಿತೋ ಅವರ ಮನೆಗೆ ಹೋಗುತ್ತಿತ್ತು. ಏಳನೇ ತರಗತಿ ಪಾಸಾದವರ ಪಠ್ಯಪುಸ್ತಕ ಅರ್ಧ ಬೆಲೆಗೆ ಆರನೇ ತರಗತಿ ಮುಗಿಸಿದವರ ಕೈ ಸೇರುತ್ತಿತ್ತು. ಮದುವೆ ಊಟದ ಕಡಾಯಿ, ಹಂಡೆ, ಸೌಟುಗಳನ್ನು ದೇವಸ್ಥಾನದಿಂದಲೋ ಊರಿನವರಿಂದಲೋ ತಂದು, ತೊಳೆದು ಮರಳಿಸುತ್ತಿದ್ದರು. ತಲೆ ಮೇಲೆ ಬುಟ್ಟಿ ಹೊತ್ತು ಬರುವವರು ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದರು. ಅರಿಶಿನ ಕುಂಕುಮಕ್ಕೆ ಬಂದವರ ಉಡಿ ತುಂಬಿದ ಕಣ ಇಂದಿಗೂ ಮನೆಯಿಂದ ಮನೆಗೆ ಸಾಗುತ್ತದೆ. ಯಾರೂ ಹೊಲಿಸದೆ ಹತ್ತು ಮನೆ ಕಂಡ ಕಣವನ್ನು ಮಡಿಕೆಯ ಗೆರೆಯಿಂದಲೇ ಗುರುತಿಸಬಹುದು.

ದಾರಿ ಮುಚ್ಚಿದ್ದು ಹೇಗೆ

ಮೊದಲು ಬದಲಾದದ್ದು ವಸ್ತುವಿನ ಗುಣ. ಪಾಲಿಯೆಸ್ಟರ್ ಬೆರೆತ ಸೀರೆ ಸವೆದಷ್ಟೂ ಮೆತ್ತಗಾಗುವುದಿಲ್ಲ, ನೀರು ಹೀರುವುದಿಲ್ಲ. ಕೂಸಿಗೂ ಆಗದು, ನೆಲ ಒರೆಸಲೂ ಆಗದು. ಹತ್ತಿ ಮತ್ತು ಪಾಲಿಯೆಸ್ಟರ್ ನೂಲನ್ನು ಮತ್ತೆ ಬೇರ್ಪಡಿಸುವುದು ಕಾರ್ಖಾನೆಗಳಿಗೂ ಕಷ್ಟ. ಬೀಟೆ ಮರದ ಕಪಾಟು ಕೆಟ್ಟರೆ ಬಡಗಿ ರಿಪೇರಿ ಮಾಡುತ್ತಿದ್ದ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ನೀರು ತಾಗಿ ಉಬ್ಬಿದರೆ ಮುಗಿಯಿತು.

ಕೆಟ್ಟದ್ದನ್ನು ಸರಿಮಾಡುವ ಕೈಗಳೂ ಕಡಿಮೆಯಾದವು. ಕೊಡೆ ರಿಪೇರಿ, ಕಲಾಯಿ, ರೇಡಿಯೋ ರಿಪೇರಿಯವರು ಬೀದಿಯಿಂದ ಮರೆಯಾಗುತ್ತಾ ಬಂದರು. ಅದರ ಕೊರತೆ ತಿಳಿದ ಮೇಲೆ ಈಗ ಪ್ರಯತ್ನಗಳು ಶುರುವಾಗಿವೆ. ಆಮ್ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಆರಂಭವಾದ ರಿಪೇರಿ ಕೆಫೆಯ ಕಲ್ಪನೆ 2015ರಲ್ಲಿ ಬೆಂಗಳೂರಿಗೂ ಬಂತು. ಕೆಟ್ಟ ಮಿಕ್ಸಿ, ಹರಿದ ಬ್ಯಾಗು ಹಿಡಿದು ಹೋದವರು ಬಲ್ಲವರ ಜೊತೆ ಕೂತು ಸರಿಮಾಡಿಕೊಂಡು ಬರುತ್ತಾರೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಕಂಪನಿಗಳ ರಿಪೇರಿ ಸೌಲಭ್ಯ, ಬಿಡಿಭಾಗಗಳ ವಿವರ ಅಲ್ಲಿ ಸಿಗುತ್ತದೆ.

ಮೂರನೆಯದು ಸಂಕೋಚ. ಕೂಡುಕುಟುಂಬದಲ್ಲಿ ಅಕ್ಕನ ಲಂಗ ತಂಗಿಗೆ ಸಹಜವಾಗಿ ಇಳಿಯುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರಿಗೆ ಮಗುವಿನ ಹಳೆಯ ಸ್ವೆಟರ್ ಕೊಡಬೇಕೆಂದರೆ ‘ತಪ್ಪು ತಿಳಿದುಕೊಂಡರೆ?’ ಎಂಬ ಅಳುಕು. ಕೊಡಲಾಗದೆ, ಬಿಸಾಡಲಾಗದೆ ಸ್ವೆಟರ್ ಅಟ್ಟ ಹತ್ತುತ್ತದೆ.

‘ಇರಲಿ, ಮುಂದೆ ಬೇಕಾದೀತು’

ಕೈ ಬಿಡಲು ಮನಸ್ಸು ಒಪ್ಪದಿರುವುದಕ್ಕೆ ಮನಃಶಾಸ್ತ್ರದಲ್ಲಿ ಗಟ್ಟಿಯಾದ ಆಧಾರವಿದೆ. ಡೇನಿಯಲ್ ಕಾನ್‌ಮನ್, ಜಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಕಾಫಿ ಮಗ್ ಕೊಟ್ಟು ‘ಇದು ನಿಮ್ಮದು, ಎಷ್ಟಕ್ಕೆ ಮಾರುತ್ತೀರಿ?’ ಎಂದು ಕೇಳಿದರು. ಉಳಿದವರಿಗೆ ‘ಎಷ್ಟು ಕೊಟ್ಟು ಕೊಳ್ಳುತ್ತೀರಿ?’ ಎಂದರು. ಆಗಷ್ಟೇ ಕೈಗೆ ಬಂದ ಮಗ್‌ಗೆ ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಕಾನ್‌ಮನ್‌ರಿಗೆ 2002ರಲ್ಲಿ, ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೆಲವು ನಿಮಿಷ ಹಿಡಿದ ಮಗ್‌ಗೇ ಇಷ್ಟು ಮಮತೆಯಾದರೆ, ಇಪ್ಪತ್ತು ವರ್ಷ ಮನೆಯಲ್ಲಿದ್ದ ಹೊಲಿಗೆ ಯಂತ್ರದ ಮಾತೇನು?

ಅದರ ಮೇಲೆ ಬರಗಾಲದ ನೆನಪೂ ಇದೆ. ರೇಷನ್ ಸಾಲಿನಲ್ಲಿ ನಿಂತು ಸೀಮೆಎಣ್ಣೆ ತಂದವರು, ಒಂದೇ ಜೊತೆ ಚಪ್ಪಲಿಯಲ್ಲಿ ಹೈಸ್ಕೂಲು ಮುಗಿಸಿದವರು ಇಂದು ಅನೇಕ ಮನೆಗಳ ಅಜ್ಜ-ಅಜ್ಜಿಯರು. ಅವರು ಹಾಲಿನ ಕವರನ್ನು ತೊಳೆದು ಒಣಗಿಸಿಡುವುದರ ಹಿಂದೆ ಇಲ್ಲದ ಕಾಲದ ಪಾಠವಿದೆ. ಅಂಥವರ ಟ್ರಂಕನ್ನು ಅವರಿಲ್ಲದಾಗ ಖಾಲಿ ಮಾಡುವುದು ಕ್ರೌರ್ಯ. ಪಕ್ಕದಲ್ಲಿ ಕೂತು ಒಂದೊಂದನ್ನೇ ತೆಗೆದು, ಅದರ ಕಥೆ ಕೇಳಿ, ಯಾರಿಗೆ ಕೊಡೋಣ ಎಂದು ಅವರನ್ನೇ ಕೇಳಿದರೆ ಹೆಚ್ಚಿನವರು ತಾವೇ ಹೆಸರು ಸೂಚಿಸುತ್ತಾರೆ.

ಸ್ವೀಡನ್ನಿನ ಕಲಾವಿದೆ ಮಾರ್ಗರೇಟಾ ಮ್ಯಾಗ್ನುಸನ್ 2017ರಲ್ಲಿ ಬರೆದ ಪುಸ್ತಕದ ತಿರುಳೂ ಇದೇ. ತಮ್ಮ ಕಾಲಾನಂತರ ಮಕ್ಕಳು ರಾಶಿ ಸಾಮಾನಿನ ನಡುವೆ ಒದ್ದಾಡಬಾರದೆಂದು, ಕೈಕಾಲು ಗಟ್ಟಿಯಿದ್ದಾಗಲೇ ಹಂಚುತ್ತಾ ಬರುವುದು ಅಲ್ಲಿ ರೂಢಿಯಲ್ಲಿದೆ. ಯಾವುದನ್ನು ಯಾರು ಇಷ್ಟಪಟ್ಟಾರು ಎಂದು ಯೋಚಿಸಿ, ಅವರ ಕೈಗೇ ಕೊಟ್ಟು ಸಂತೋಷಪಡುವುದು ಆ ಕೆಲಸದ ಮುಖ್ಯ ಭಾಗ.

ನೆನಪಿನ ವಸ್ತುಗಳಿಗೆ ಇನ್ನೊಂದು ಉಪಾಯವಿದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ದಾನಕ್ಕೆ ವಸ್ತು ಕೊಡುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಕೆಲವರಿಗೆ ಹೇಳಿದರು. ಆ ಹಾಸ್ಟೆಲುಗಳಿಂದ ಸುಮಾರು ಶೇ 15ರಷ್ಟು ಹೆಚ್ಚು ವಸ್ತುಗಳು ಬಂದವು. ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೆಸರು ಕೆತ್ತಿದ ಆ ಸ್ಟೀಲ್ ಪಾತ್ರೆಗಳಿಗೂ ಇದು ಒಗ್ಗುತ್ತದೆ. ಕೆತ್ತಿದ ಹೆಸರಿನ ಫೋಟೋ ತೆಗೆದುಕೊಂಡರೆ, ಸೋದರಮಾವ ಯಾವ ಊರಿನಿಂದ ಬಂದು ಏನು ಕೊಟ್ಟಿದ್ದರು ಎಂಬುದು ಉಳಿಯುತ್ತದೆ. ಪಾತ್ರೆ ಬೇರೊಂದು ಅಡುಗೆಮನೆಯಲ್ಲಿ ಬಳಕೆಗೆ ಬರುತ್ತದೆ.

ಮಿತಿ ಎಂಬ ವ್ರತ

ಜಪಾನಿನ ಮೇರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಮನೆ ಜೋಡಿಸುವ ಕಲೆ ಜಗತ್ತಿನಾದ್ಯಂತ ಮಾತಾಯಿತು. ಕೋಣೆಗೊಂದರಂತೆ ಹೋಗದೆ ಬಗೆಗೊಂದರಂತೆ ಹೋಗಬೇಕು ಎಂಬುದು ಅವರ ಕ್ರಮ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತುಗಳು. ಮನೆಯ ಎಲ್ಲ ಬಟ್ಟೆಯನ್ನೂ ಒಂದೇ ಕಡೆ ರಾಶಿ ಹಾಕಿದಾಗ ಮಾತ್ರ ಎಷ್ಟಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಸುಲಭದ್ದರಿಂದ ಶುರುಮಾಡಿ ಮನಸ್ಸು ಪಳಗಿದ ಮೇಲೆ ಕಷ್ಟದ್ದಕ್ಕೆ ಕೈ ಹಾಕುವುದರಲ್ಲಿ ವಿವೇಕವಿದೆ. ಮೂರನೆಯ ಮಗು ಹುಟ್ಟಿದ ಮೇಲೆ ಮನೆಯನ್ನು ಮೊದಲಿನಷ್ಟು ಅಚ್ಚುಕಟ್ಟಾಗಿಡುವ ಹಟ ಬಿಟ್ಟಿರುವುದಾಗಿ ಅವರೇ 2023ರಲ್ಲಿ ಹೇಳಿದರು. ಮಕ್ಕಳಿರುವ ಎಷ್ಟೋ ತಾಯಂದಿರಿಗೆ ಆ ಮಾತು ನೆಮ್ಮದಿ ತಂದಿತು.

ಕನ್ನಡ ನಾಡಿಗೆ ಇದು ಹೊಸ ವಿಚಾರವೇನಲ್ಲ. ಜೈನ ಗೃಹಸ್ಥರು ಹಿಡಿಯುವ ಅಣುವ್ರತಗಳಲ್ಲಿ ಒಂದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ ಬಂಗಾರ, ದವಸಧಾನ್ಯ, ಬಟ್ಟೆ ಪಾತ್ರೆ ಇವು ಇಷ್ಟೇ ಇರಲಿ ಎಂದು ಮೊದಲೇ ಮಿತಿ ಹಾಕಿಕೊಂಡು, ಅದನ್ನು ಮೀರದಂತೆ ಬಾಳುವುದು ಆ ವ್ರತ. ದಿಗಂಬರ ಮುನಿಗಳ ಬಳಿ ಇರುವುದು ನವಿಲುಗರಿಯ ಪಿಂಛಿ, ಕಮಂಡಲು ಮತ್ತು ಶಾಸ್ತ್ರಗ್ರಂಥ ಮಾತ್ರ. ಗೃಹಸ್ಥರಿಗೆ ಅಷ್ಟು ಕಠಿಣ ನಿಯಮವಿಲ್ಲ. ತನಗೆಷ್ಟು ಸಾಕು ಎಂಬುದನ್ನು ಅವರವರೇ ಗೊತ್ತುಮಾಡಿಕೊಳ್ಳುತ್ತಾರೆ. ಕೊಂಡ ಮೇಲೆ ಕಡಿಮೆ ಮಾಡುವುದಕ್ಕಿಂತ ಕೊಳ್ಳುವ ಮೊದಲೇ ಮಿತಿ ಹಾಕುವುದು ಎಷ್ಟು ಸುಲಭ ಎಂಬುದನ್ನು ಈ ವ್ರತ ಬಲ್ಲದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಹಾಕಿ ಬರಲು ಹೇಳಿ ಕಳುಹಿಸಿದಳು. ಬಡತನದ ನಡುವೆಯೂ ಇಂದಿಗೆ ಎಷ್ಟು ಬೇಕು ಎಂಬ ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು.

ಇತ್ತೀಚಿನವರಲ್ಲಿ ಡಾ. ಎಚ್. ನರಸಿಂಹಯ್ಯನವರಿದ್ದಾರೆ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಬದುಕಿನ ಬಹುಭಾಗವನ್ನು ಕಳೆದದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ಖಾದಿ ಪಂಚೆ ಜುಬ್ಬದಲ್ಲಿ. ಕಡಿಮೆ ವಸ್ತುಗಳ ಆ ಬದುಕಿನಿಂದ ಉಳಿದ ಸಮಯ ಮತ್ತು ಹಣ ವಿದ್ಯಾರ್ಥಿಗಳಿಗೂ ಶಾಲೆಗಳಿಗೂ ಹೋಯಿತು.

ಎಲ್ಲ ಸಂಗ್ರಹವೂ ಹೊರೆಯಲ್ಲ ಎಂಬುದಕ್ಕೂ ಉದಾಹರಣೆ ಇದೆ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಕಟ್ಟಿದ ‘ಪುಸ್ತಕ ಮನೆ’ಯಲ್ಲಿ ಲಕ್ಷಾಂತರ ಪುಸ್ತಕಗಳಿವೆ. ಅಲ್ಲಿಗೆ ಯಾರು ಬೇಕಾದರೂ ಹೋಗಿ ಓದಬಹುದು. ಬಾಗಿಲು ತೆರೆದಿರುವ ಸಂಗ್ರಹ ಊರಿನ ಆಸ್ತಿ.

ಯಾವುದು ಎಲ್ಲಿಗೆ

ಬಟ್ಟೆಯಿಂದ ಶುರುಮಾಡುವವರಿಗೆ ಗೂಂಜ್ ಸಂಸ್ಥೆಯ ಕಥೆ ಹತ್ತಿರದ್ದು. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ತಮ್ಮ ಮನೆಯ ಕಪಾಟಿನಲ್ಲಿ ತೊಡದೆ ಬಿದ್ದಿದ್ದ 67 ಬಟ್ಟೆಗಳಿಂದ ಅದನ್ನು ಆರಂಭಿಸಿದರು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯ ಜನ ತಾವೇ ಬಾವಿ ತೋಡಿ, ರಸ್ತೆ ಸರಿಮಾಡಿ, ಆ ಕೆಲಸಕ್ಕೆ ಪ್ರತಿಯಾಗಿ ಬಟ್ಟೆ ಪಡೆಯುವ ಪದ್ಧತಿಯನ್ನು ಗೂಂಜ್ ರೂಢಿಸಿತು. ಉಡಲಾಗದ ಹತ್ತಿ ಬಟ್ಟೆಯಿಂದ ಮುಟ್ಟಿನ ಬಟ್ಟೆ ತಯಾರಾಗುತ್ತದೆ. 2004ರ ಸುನಾಮಿಯ ನಂತರ ದಾನವಾಗಿ ಬಂದ ಬಟ್ಟೆಗಳ ರಾಶಿ ತಮಿಳುನಾಡಿನ ರಸ್ತೆ ಬದಿಯಲ್ಲಿ ಬಿದ್ದಿತ್ತು. ತೊಳೆಯದ, ಗುಂಡಿ ಕಿತ್ತ, ಆ ಊರಿನವರು ತೊಡದಂಥ ಬಟ್ಟೆಯನ್ನು ಕೊಟ್ಟರೆ ಕಷ್ಟದಲ್ಲಿರುವವರಿಗೆ ಕಸ ತೆಗೆಯುವ ಕೆಲಸ ಹೆಚ್ಚಾಗುತ್ತದೆ. ತೊಳೆದು, ಇಸ್ತ್ರಿ ಮಾಡಿ, ಇನ್ನೂ ಬಾಳಿಕೆ ಇರುವಾಗಲೇ ಕೊಟ್ಟದ್ದು ಮಾತ್ರ ಉಪಯೋಗಕ್ಕೆ ಬರುತ್ತದೆ.

ಪುಸ್ತಕಗಳಿಗೆ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿವೆ, ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳು ಅಲ್ಲಿ ಉಚಿತವಾಗಿ ಸದಸ್ಯರಾಗಿದ್ದಾರೆ. ಮಕ್ಕಳ ಕಥೆ ಪುಸ್ತಕ, ನಿಘಂಟು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಅಲ್ಲಿಗೆ ಸಲ್ಲುತ್ತವೆ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳು ಇವೆ.

ಕಾಗದಪತ್ರದಲ್ಲಿ ಆತುರ ಬೇಡ. ಕ್ರಯಪತ್ರ, ಖಾತಾ, ಕಂದಾಯ ರಸೀದಿ, ವಿಮೆ, ಅಂಕಪಟ್ಟಿಗಳ ಮೂಲ ಪ್ರತಿ ಉಳಿಯಬೇಕು. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೀಡುವ ದಾಖಲೆ ಕಾನೂನಿನ ಪ್ರಕಾರ ಮೂಲಕ್ಕೆ ಸಮ. ಹತ್ತು ವರ್ಷದ ಹಿಂದಿನ ಕರೆಂಟ್ ಬಿಲ್ಲು, ವಾರಂಟಿ ಮುಗಿದ ಕಾರ್ಡು, ಇಲ್ಲದ ಯಂತ್ರದ ಕೈಪಿಡಿ ರದ್ದಿಗೆ ಹೋಗಬಹುದು.

ಚಾರ್ಜರುಗಳ ಗಂಟಿಗೆ ಬೇರೆ ಎಚ್ಚರ ಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಲೆಕ್ಕದಂತೆ 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ. ಹಳೆ ಫೋನಿನ ಬ್ಯಾಟರಿ ಉಬ್ಬಿದ್ದರೆ ಬೆಂಕಿಯ ಅಪಾಯವಿದೆ, ಅದು ಅಟ್ಟದಲ್ಲಿರಬಾರದು. ಬೆಂಗಳೂರಿನ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಿವೆ. ಅವುಗಳಲ್ಲಿ ಹಲವನ್ನು ಹಸಿರು ದಳ ಸಂಸ್ಥೆಯ ಜೊತೆಗಿರುವ, ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಾರೆ. ಬೇಡದ ಸಾಮಾನನ್ನು ಬಗೆ ಬಗೆಯಾಗಿ ಬೇರ್ಪಡಿಸಿ ಕೊಟ್ಟರೆ ಅವರ ದುಡಿಮೆಗೆ ಬೆಲೆ ಬರುತ್ತದೆ.

ತಾರಸಿ ಮತ್ತು ಹಿತ್ತಿಲನ್ನಂತೂ ಮುಂದೂಡುವ ಹಾಗಿಲ್ಲ. ಒಡೆದ ಬಕೆಟ್, ಹಳೆ ಟೈರು, ಕೂಲರಿನ ತಳದಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆ ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಹಾರುವ ಸೊಳ್ಳೆಯಾಗುತ್ತದೆ. ಕರ್ನಾಟಕ ಸರಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು.

ಕೆಲವರಿಗೆ ಮಾತ್ರ ಏಣಿ, ಚೀಲ, ಪಟ್ಟಿ ಯಾವುದೂ ನೆರವಾಗುವುದಿಲ್ಲ. ಹಳೆ ಪೇಪರಿನ ತುಂಡನ್ನು ಬಿಡುವುದೂ ಸಂಕಟವಾಗಿ, ಮಲಗುವ ಮಂಚ, ಒಲೆಯ ಪಕ್ಕವೂ ತುಂಬಿ ಓಡಾಡಲು ಜಾಗವಿಲ್ಲದಂತಾದರೆ ಅದು ಕಾಯಿಲೆಯಾಗಿರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಪ್ರತ್ಯೇಕ ರೋಗವೆಂದು ಗುರುತಿಸಿತು. ಬೈದು ಖಾಲಿ ಮಾಡಿಸಿದರೆ ಸಂಕಟ ಹೆಚ್ಚುತ್ತದೆ. ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿದೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬಾಗಿಲಲ್ಲೇ ತಡೆದರೆ

ಹೊರದಾರಿ ತೆರೆದರಷ್ಟೇ ಸಾಲದು, ಒಳಬರುವುದೂ ತಗ್ಗಬೇಕು. ಇದರಲ್ಲಿ ಕನ್ನಡದ ಮದುವೆ ಕಾಗದಗಳು ಆಗಲೇ ಒಂದು ಹೆಜ್ಜೆ ಮುಂದಿವೆ. ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಅಚ್ಚಾಗದ ಕಾಗದ ಈಗ ಅಪರೂಪ. ಅದೇ ಮಾತು ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ಮತ್ತು ಗೃಹಪ್ರವೇಶಕ್ಕೂ ಬರಬೇಕಾಗಿದೆ. ತಾಂಬೂಲದ ಚೀಲದಲ್ಲಿ ಪ್ಲಾಸ್ಟಿಕ್ ಡಬ್ಬಿಯ ಬದಲು ತೆಂಗಿನಕಾಯಿ, ಬಾಳೆಹಣ್ಣು, ಸಸಿ ಕೊಡುವವರು ಹೆಚ್ಚುತ್ತಿದ್ದಾರೆ.

ವರ್ಷಕ್ಕೊಮ್ಮೆ ಬೇಕಾಗುವ ವಸ್ತುವನ್ನು ಎರವಲು ತರುವ ಪದ್ಧತಿಯೂ ಮರಳಿದೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕಿನಲ್ಲಿ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ, ಚಮಚ ತಂದು ಬಳಸಿ, ತೊಳೆದು ಹಿಂದಿರುಗಿಸಬಹುದು. ಬೇರೆ ಊರುಗಳಲ್ಲೂ, ಅಪಾರ್ಟ್‌ಮೆಂಟುಗಳಲ್ಲೂ ಇಂಥ ಬ್ಯಾಂಕುಗಳನ್ನು ಕಟ್ಟಲು ಬೇಕಾದ ಪಾತ್ರೆಗಳು ಆಗಲೇ ಅಟ್ಟದ ಮೇಲಿವೆ. ನೂರು ಮನೆಗಳ ಸಮುಚ್ಚಯದಲ್ಲಿ ಮನೆಗೆ ಐದು ತಟ್ಟೆ, ಐದು ಲೋಟ ಬಂದರೆ ಐನೂರು ಜನರ ಊಟಕ್ಕೆ ಆಗುತ್ತದೆ. ಏಣಿ, ಡ್ರಿಲ್ ಯಂತ್ರ, ದೊಡ್ಡ ಇಡ್ಲಿ ಪಾತ್ರೆ, ಪ್ರವಾಸದ ಸೂಟ್‌ಕೇಸು, ಮಗುವಿನ ತೊಟ್ಟಿಲುಗಳಿಗೂ ಇದೇ ಲೆಕ್ಕ.

ಶುರು ಮಾಡಲು ನವರಾತ್ರಿಯವರೆಗೆ ಕಾಯಬೇಕಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ, ಶಾಲೆ ತೆರೆಯುವ ಮುನ್ನ, ಮಕ್ಕಳಿಗೆ ಚಿಕ್ಕದಾದ ಸಮವಸ್ತ್ರ, ಶೂ, ಜಾಮಿಟ್ರಿ ಬಾಕ್ಸ್, ಕಳೆದ ವರ್ಷದ ಪಠ್ಯಪುಸ್ತಕಗಳನ್ನು ಒಂದು ಮೇಜಿನ ಮೇಲೆ ಅಳತೆ ಮತ್ತು ತರಗತಿಯ ಚೀಟಿ ಹಚ್ಚಿ ಜೋಡಿಸಿಟ್ಟರೆ, ಬೇಕಾದವರು ಕೇಳುವ ಸಂಕೋಚವಿಲ್ಲದೆ ತೆಗೆದುಕೊಂಡು ಹೋಗುತ್ತಾರೆ. ಜಾಗ ಸಮುದಾಯ ಭವನದ್ದಾಗಲಿ, ದೇವಸ್ಥಾನದ ಪ್ರಾಂಗಣವಾಗಲಿ, ಶಾಲೆಯ ಜಗುಲಿಯಾಗಲಿ ನಡೆದೀತು. ಮಿಕ್ಕದ್ದನ್ನು ಆ ಸಂಜೆಯೇ ಹತ್ತಿರದ ಸರಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಕೇಳಿ ತಲುಪಿಸುವ ಹೊಣೆಯನ್ನು ಇಬ್ಬರು ಮೊದಲೇ ಹೊತ್ತಿದ್ದರೆ ಯಾವ ಚೀಲವೂ ಮರಳಿ ಮನೆಗೆ ಬರುವುದಿಲ್ಲ.